ಏಣಿ ಏರುವಾಗ, ಕಾಫಿ ಹರಡುವಾಗ: ದುಡಿಮೆಯೊಳಗಿನ ದಿಕ್ರ್ ಮತ್ತು ಶುಕ್ರ್

ಕೊಡಗಿನ ಸಿದ್ದಾಪುರದ ಸಮೀಪ ನಮ್ಮದೊಂದು ಸಣ್ಣ ತೋಟವಿದೆ. ರೊಬಸ್ಟಾ ಕಾಫಿ, ಸಿಲ್ವರ್ ಓಕ್ ಮರಗಳಿಗೆ ಹಬ್ಬಿಸಿದ ಕರಿಮೆಣಸು, ಇವೇ ನಮ್ಮ ಜೀವನಾಧಾರ. ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಮುಂಜಾನೆಯ ಸುಬುಹಿ ನಮಾಝಿನಿಂದ ರಾತ್ರಿಯ ಇಶಾ ನಮಾಝಿನವರೆಗೂ ಇಲ್ಲಿ ಬಿಡುವೆಂಬುದಿರುವುದಿಲ್ಲ. ಆದ್ದರಿಂದ ಅಲ್ಲಾಹನ ಸ್ಮರಣೆಗೆ, ಅಂದರೆ ದಿಕ್ರಿಗೆ, ಪ್ರತ್ಯೇಕ ಸಮಯ ಹುಡುಕುವ ಬದಲು, ಮಾಡುವ ಕೆಲಸಕ್ಕೇ ಅದನ್ನು ಜೋಡಿಸುವ ಕ್ರಮವನ್ನು ನಾನು ರೂಢಿಸಿಕೊಂಡೆ. ಇದಕ್ಕೆ ಆಧಾರ ಕುರ್‌ಆನಿನಲ್ಲೇ ಇದೆ. ಅಲ್‌ಜುಮುಅ ಅಧ್ಯಾಯದ 10ನೇ ವಚನವು, ನಮಾಝ್ ಮುಗಿದ ಮೇಲೆ ಭೂಮಿಯಲ್ಲಿ ಚದುರಿ ಹೋಗಿ ಅಲ್ಲಾಹನ ಅನುಗ್ರಹವನ್ನು ಅರಸಿರಿ ಎನ್ನುತ್ತದೆ. ಅದರ ಬೆನ್ನಿಗೇ ಅಲ್ಲಾಹನನ್ನು ಧಾರಾಳವಾಗಿ ಸ್ಮರಿಸಿರಿ ಎಂದೂ ಆದೇಶಿಸುತ್ತದೆ.

ನಾನು ಮೊದಲು ಆರಿಸಿಕೊಂಡದ್ದು ಮೆಣಸು ಕೊಯ್ಯುವ ಏಣಿಯನ್ನು. ಪ್ರವಾದಿ ಮುಹಮ್ಮದರ (ಸ) ಸಂಗಾತಿ ಜಾಬಿರ್ (ರ) ಅವರು, ತಾವು ಎತ್ತರವನ್ನು ಏರುವಾಗ ‘ಅಲ್ಲಾಹು ಅಕ್ಬರ್’ ಎಂದೂ ಇಳಿಯುವಾಗ ‘ಸುಬ್‌ಹಾನಲ್ಲಾಹ್’ ಎಂದೂ ಹೇಳುತ್ತಿದ್ದೆವೆಂದು ತಿಳಿಸಿದ್ದು ಬುಖಾರಿ ಎಂಬ ಹದೀಸ್ (ಪ್ರವಾದಿಯವರ ನುಡಿ-ನಡೆಗಳ ವರದಿ) ಸಂಗ್ರಹದಲ್ಲಿ ದಾಖಲಾಗಿದೆ. ಅದು ಪ್ರಯಾಣದ ಮಾತು. ಆದರೆ ಏರಿಳಿತವೇ ತುಂಬಿರುವ ಕೊಡಗಿನಲ್ಲಿ ಮನೆಯಿಂದ ಮಸೀದಿಗೆ ಹೋಗುವುದೂ ಒಂದು ದಿಣ್ಣೆ ಹತ್ತಿ ಇಳಿದಂತೆಯೇ. ಬಿದಿರಿನ ಏಣಿಯನ್ನು ಮರಕ್ಕೆ ಬಿಗಿದು, ಸೊಂಟಕ್ಕೆ ಚೀಲ ಕಟ್ಟಿಕೊಂಡು ಒಂದೊಂದು ಮೆಟ್ಟಿಲಿಗೂ ‘ಅಲ್ಲಾಹು ಅಕ್ಬರ್’ ಎನ್ನುತ್ತ ಹತ್ತುವಾಗ ಕಾಲು ನಿಧಾನವಾಗುತ್ತದೆ, ಗಮನ ಮೆಟ್ಟಿಲಿನ ಮೇಲೆಯೇ ನಿಲ್ಲುತ್ತದೆ. ಮೇಲೆ ಎರಡೂ ಕೈಗಳಿಗೆ ಕೆಲಸವಿರುವುದರಿಂದ ಲೆಕ್ಕವಿಡಲಾಗದು, ಇಡುವ ಅಗತ್ಯವೂ ಇಲ್ಲ. ನಿಂತು, ಕುಳಿತು, ಮಲಗಿ ಅಲ್ಲಾಹನನ್ನು ಸ್ಮರಿಸುವವರನ್ನು ಆಲು ಇಮ್ರಾನ್ ಅಧ್ಯಾಯ ಹೊಗಳುತ್ತದೆ. ಅಲ್ಲಿ ಯಾವ ಸಂಖ್ಯೆಯ ಮಾತೂ ಇಲ್ಲ.

ಲೆಕ್ಕವಿರುವ ದಿಕ್ರನ್ನು ನಾನು ರಾತ್ರಿಗೆ ಇಟ್ಟುಕೊಂಡಿದ್ದೇನೆ. ಬೀಸುವ ಕಲ್ಲಿನಿಂದ ಕೈ ನೊಂದು ಸೇವಕರೊಬ್ಬರನ್ನು ಬಯಸಿದ್ದ ಮಗಳು ಫಾತಿಮಾರಿಗೆ (ರ) ಪ್ರವಾದಿಯವರು ಮಲಗುವ ಮುನ್ನ 33 ಬಾರಿ ಸುಬ್‌ಹಾನಲ್ಲಾಹ್, 33 ಬಾರಿ ಅಲ್‌ಹಮ್ದುಲಿಲ್ಲಾಹ್, 34 ಬಾರಿ ಅಲ್ಲಾಹು ಅಕ್ಬರ್ ಹೇಳಲು ಕಲಿಸಿ, ಸೇವಕರಿಗಿಂತ ಇದು ಉತ್ತಮ ಎಂದರು. ಕಾಫಿ ಕೊಯ್ದು ಬೆರಳುಗಳು ಕಪ್ಪಾಗಿ ಬಿರಿದಿರುವ ರಾತ್ರಿಗಳಲ್ಲಿ, ಅದೇ ಬೆರಳುಗಳ ಗೆಣ್ಣುಗಳನ್ನು ಎಣಿಸುತ್ತ ಈ ತಸ್ಬೀಹ್ ಹೇಳುವಾಗ, ಇದು ದುಡಿದು ದಣಿದ ಕೈಗಳಿಗೆಂದೇ ಕಲಿಸಿದ್ದು ಎಂಬ ಭಾವ ನನ್ನಲ್ಲಿ ಗಾಢವಾಗುತ್ತದೆ.

ಶುಕ್ರ್, ಅಂದರೆ ಕೃತಜ್ಞತೆ, ನನಗೆ ದಿಕ್ರಿಗಿಂತ ಕಷ್ಟದ್ದು. ಏಕೆಂದರೆ ಇಲ್ಲಿ ಒಂದೇ ಮಳೆ ಎರಡು ಮುಖದಿಂದ ಬರುತ್ತದೆ. ಫೆಬ್ರವರಿಯಲ್ಲಿ ಕಣದಲ್ಲಿ ಹರಡಿದ ಕಾಫಿ ನೆನೆದರೆ ಬೂಷ್ಟು ಹಿಡಿಯುತ್ತದೆ. ಅದೇ ಮಳೆ ಮಾರ್ಚ್‌ನಲ್ಲಿ ಹೂಮಳೆಯಾಗಿ ಸುರಿದರೆ ಸುಮಾರು ಒಂದು ವಾರದಲ್ಲಿ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಆದ್ದರಿಂದ ಮಳೆ ಬಂದಾಗ ಪ್ರವಾದಿಯವರು ಹೇಳುತ್ತಿದ್ದ ‘ಅಲ್ಲಾಹುಮ್ಮ ಸಯ್ಯಿಬನ್ ನಾಫಿಅನ್’, ಅಂದರೆ ಇದನ್ನು ಉಪಕಾರಿ ಮಳೆಯನ್ನಾಗಿ ಮಾಡು ಎಂಬ ದುಆ (ಪ್ರಾರ್ಥನೆ) ನನ್ನ ನಾಲಿಗೆಯ ಮೇಲೆ ಸದಾ ಇರುತ್ತದೆ. ಮಳೆ ಅತಿಯಾದಾಗ ಅವರು ಮಾಡಿದ ಇನ್ನೊಂದು ಪ್ರಾರ್ಥನೆ ಇದೆ: ನಮ್ಮ ಮೇಲಲ್ಲ, ನಮ್ಮ ಸುತ್ತಮುತ್ತ, ಗುಡ್ಡಬೆಟ್ಟಗಳ ಮೇಲೆ, ಕಣಿವೆಗಳಲ್ಲಿ, ಮರಗಿಡ ಬೆಳೆಯುವಲ್ಲಿ ಸುರಿಸು ಎಂದು. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲದ ಕಡೆ ಗುಡ್ಡಗಳು ಜಾರಿ ಮನೆಗಳು ಮಣ್ಣಾದಾಗ ಈ ದುಆ ಹೇಳುತ್ತ ನನ್ನ ಕಂಠ ಬಿಗಿಯಿತು. ಗುಡ್ಡ, ಕಣಿವೆ, ಮರಗಳ ಬುಡ ಇವೇ ನಮ್ಮವರ ಮನೆಗಳಿರುವ ಸ್ಥಳಗಳಲ್ಲವೇ? ನಮ್ಮ ಧರ್ಮಗುರುಗಳಾದ ಉಸ್ತಾದರು ಸಮಾಧಾನದಿಂದ ವಿವರಿಸಿದರು: ಮಳೆಯ ಕೆಡುಕು ದೂರವಾಗಲಿ, ಒಳಿತು ಉಳಿಯಲಿ ಎಂಬುದೇ ಅದರ ಬೇಡಿಕೆ. ಆ ವರ್ಷ ಆಗಸ್ಟ್ 22ರಂದು ಬಕ್ರೀದ್ ಬಂತು. ಹೊಸ ಬಟ್ಟೆಯ ಮಾತನ್ನು ಮನೆಯಲ್ಲಿ ಯಾರೂ ಎತ್ತಲಿಲ್ಲ. ನಿರಾಶ್ರಿತರ ಕೇಂದ್ರಕ್ಕೆ ಅಕ್ಕಿ, ಕಂಬಳಿ ಒಯ್ದೆವು. ಅಪ್ರಿಯವಾದುದನ್ನು ಕಂಡಾಗ ಪ್ರವಾದಿಯವರು ‘ಅಲ್‌ಹಮ್ದುಲಿಲ್ಲಾಹಿ ಅಲಾ ಕುಲ್ಲಿ ಹಾಲ್’, ಎಲ್ಲ ಸ್ಥಿತಿಯಲ್ಲೂ ಸ್ತುತಿ ಅಲ್ಲಾಹನಿಗೇ, ಎನ್ನುತ್ತಿದ್ದರು. ಇದನ್ನು ಮನೆ ಕಳೆದುಕೊಂಡವರಿಗೆ ಉಪದೇಶವಾಗಿ ಹೇಳಬಾರದೆಂದೇ ನನ್ನ ಅಭಿಪ್ರಾಯ. ಅದು ಅವರವರ ಹೃದಯದಿಂದಲೇ ಬರಬೇಕಾದ ಮಾತು.

ಮಕ್ಕಳಿಗೆ ಕಲಿಸಲು ಒಂದು ಸರಳ ರೂಢಿ ಮಾಡಿಕೊಂಡಿದ್ದೇವೆ. ರಾತ್ರಿ ಊಟವಾದ ಮೇಲೆ ಪ್ರತಿಯೊಬ್ಬರೂ ಆ ದಿನದ ಒಂದು ಅನುಗ್ರಹವನ್ನು ಹೆಸರಿಸಿ ಅಲ್‌ಹಮ್ದುಲಿಲ್ಲಾಹ್ ಹೇಳಬೇಕು. “ಇವತ್ತು ಆನೆ ತೋಟಕ್ಕೆ ಬರಲಿಲ್ಲ ಉಪ್ಪಾ,” ಎಂದು ಚಿಕ್ಕ ಮಗಳು ಒಮ್ಮೆ ನನಗೆ ಹೇಳಿದಳು. ಬಾರದೆ ಹೋದ ಕಷ್ಟಕ್ಕೂ ಕೃತಜ್ಞತೆ ಸಲ್ಲಬೇಕೆಂಬುದು ಅಂದಿನಿಂದ ನನ್ನ ಲೆಕ್ಕಕ್ಕೂ ಸೇರಿತು.

ಆದರೆ ಶುಕ್ರ್ ನಾಲಿಗೆಯಲ್ಲೇ ಮುಗಿಯುವುದಲ್ಲ. (ಪ್ರವಾದಿ) ದಾವೂದರ ಮನೆತನದವರೇ, ಕೃತಜ್ಞತೆಯಾಗಿ ಕರ್ಮವೆಸಗಿರಿ ಎಂದು ಕುರ್‌ಆನಿನ ಸಬಅ್ ಅಧ್ಯಾಯದ 13ನೇ ವಚನ ಹೇಳುತ್ತದೆ. ಜನರಿಗೆ ಕೃತಜ್ಞನಾಗದವನು ಅಲ್ಲಾಹನಿಗೂ ಕೃತಜ್ಞನಲ್ಲ ಎಂಬ ಹದೀಸ್ ಕೂಡ ಇದೆ. ನಮ್ಮ ತೋಟದಲ್ಲಿ ಊರಿನವರೂ ಅಸ್ಸಾಮಿನಿಂದ ಬಂದವರೂ ದುಡಿಯುತ್ತಾರೆ. ಬೆವರು ಆರುವ ಮುನ್ನ ಕೂಲಿ ಕೊಡಿ ಎಂಬ ಪ್ರವಾದಿವಚನದಂತೆ, ಕಾಫಿ ಮಾರಾಟವಾಗಿರಲಿ ಆಗದಿರಲಿ, ವಾರದ ಕೂಲಿಯನ್ನು ಸಂತೆಗೆ ಮುಂಚೆಯೇ ಅವರ ಕೈಗೆ ಒಪ್ಪಿಸುತ್ತೇನೆ. ಮೆಣಸಿಗೆ ಒಳ್ಳೆಯ ಬೆಲೆ ಬಂದ ವರ್ಷ ಅವರ ಮಕ್ಕಳ ಶಾಲೆಯ ಖರ್ಚನ್ನು ಮೊದಲು ತೆಗೆದಿರಿಸಿ, ಉಳಿದದ್ದರಲ್ಲಿ ಮನೆಯ ಖರ್ಚನ್ನು ನಿರ್ಧರಿಸುತ್ತೇವೆ.