ಆ 257 ಎಲ್ಲಿ ಹೋಯ್ತು?

ಸಿದ್ದರಾಮಯ್ಯನವರ ಚುನಾವಣಾ ದಾರಿಯ ಬಗ್ಗೆ ನಾನು ಮೊದಲು ಬರೆದದ್ದು 2013ರ ವಿಧಾನಸಭಾ ಚುನಾವಣೆ ಹೊತ್ತಿಗೆ. ಪತ್ರಿಕೆಯ ಪುರವಣಿಗೆ ಒಂದು ಪುಟ. ಎಷ್ಟು ಸಲ ಗೆದ್ದರು, ಎಲ್ಲಿ ಸೋತರು, ಯಾವ ಪಕ್ಷದಿಂದ ನಿಂತರು, ಎಲ್ಲ ಇತ್ತು. ಪುರವಣಿ ಬಂದ ದಿನ ಬೆಳಿಗ್ಗೆ ಏಳಕ್ಕೇ ಫೋನ್ ಬಂತು. ವಯಸ್ಸಾದ ದನಿ. ಪರಿಚಯ ಗಿರಿಚಯ ಏನೂ ಇಲ್ಲ, ನೇರವಾಗಿ ಕೇಳಿದರು.

"ಏನಪ್ಪಾ, ಆ 257 ಎಲ್ಲಿ ಹೋಯ್ತು?"

ನನಗೆ ತಕ್ಷಣ ಹೊಳೆಯಲಿಲ್ಲ. ಅವರೇ ಹೇಳಿದರು. 2006ರ ಡಿಸೆಂಬರ್, ಚಾಮುಂಡೇಶ್ವರಿ ಉಪಚುನಾವಣೆ. ಜೆಡಿಎಸ್‌ನಿಂದ ಹೊರಬಿದ್ದ ಸಿದ್ದರಾಮಯ್ಯ ಶಾಸಕ ಸ್ಥಾನಕ್ಕೆ ರಾಜೀನಾಮೆ ಕೊಟ್ಟು, ಕಾಂಗ್ರೆಸ್‌ನಿಂದ ಮತ್ತೆ ನಿಂತಿದ್ದರು. ಎದುರಾಳಿ ಜೆಡಿಎಸ್‌ನ ಶಿವಬಸಪ್ಪ. ಗೆದ್ದದ್ದು ಬರೀ 257 ಮತಗಳಿಂದ. ನನ್ನ ಪುಟದಲ್ಲಿ 2004 ಇತ್ತು, 2008 ಇತ್ತು. ನಡುವಿನ ಆ ಚುನಾವಣೆಯೇ ಇರಲಿಲ್ಲ.

ಹೇಗೆ ಬಿಟ್ಟುಹೋಯಿತು ಅಂದರೆ, ನಾನು ನೋಡಿದ್ದು ಚುನಾವಣಾ ಆಯೋಗದ ಸಾರ್ವತ್ರಿಕ ಚುನಾವಣೆಯ ಅಂಕಿಅಂಶ ವರದಿಗಳನ್ನು ಮಾತ್ರ. ಆ ವರದಿಗಳಲ್ಲಿ ಉಪಚುನಾವಣೆ ಇರುವುದಿಲ್ಲ. ಅದನ್ನು ಬೇರೆ ಕಡೆ ಹುಡುಕಬೇಕು. 2004ರಲ್ಲಿ ಜೆಡಿಎಸ್, 2008ರಲ್ಲಿ ಕಾಂಗ್ರೆಸ್ ಅಂತ ಎರಡು ಸಾಲು ಬರೆದುಬಿಟ್ಟೆ. ಪಕ್ಷ ಬದಲಾದದ್ದು ಕಾಣುತ್ತಿತ್ತು. ಬದಲಾಯಿಸಿದ ಮೇಲೆ ಜನರ ಮುಂದೆ ಹೋಗಿ ನಿಂತದ್ದು, ಕೂದಲೆಳೆಯಲ್ಲಿ ಪಾರಾದದ್ದು ಕಾಣುತ್ತಿರಲಿಲ್ಲ. ಆ 257 ಮತ ಆ ಕಡೆ ಹೋಗಿದ್ದರೆ ಮುಂದಿನ ದಾರಿ ಏನಾಗುತ್ತಿತ್ತೋ! ಅಂಥ ಚುನಾವಣೆಯನ್ನೇ ಬಿಟ್ಟಿದ್ದೆ.

ಅಂದಿನಿಂದ ಯಾವ ಶಾಸಕರ ಬಗ್ಗೆ ಬರೆಯುವುದಿದ್ದರೂ ಮೊದಲು ಉಪಚುನಾವಣೆ ಹುಡುಕುತ್ತೇನೆ. ನಮ್ಮ ಮೈಸೂರು ಜಿಲ್ಲೆಯಲ್ಲೇ ನೋಡಿ. ನಂಜನಗೂಡಲ್ಲಿ 2013ರಲ್ಲಿ ಕಾಂಗ್ರೆಸ್‌ನಿಂದ ಗೆದ್ದವರು ವಿ. ಶ್ರೀನಿವಾಸ ಪ್ರಸಾದ್. 2018ರಲ್ಲಿ ಬಿಜೆಪಿಯ ಬಿ. ಹರ್ಷವರ್ಧನ್. ಸಾರ್ವತ್ರಿಕ ಚುನಾವಣೆಯ ಪಟ್ಟಿ ಇಷ್ಟೇ ಹೇಳುತ್ತದೆ. ಆದರೆ ಪ್ರಸಾದ್ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿ, 2017ರ ಏಪ್ರಿಲ್‌ನ ಉಪಚುನಾವಣೆಯಲ್ಲಿ ಕಾಂಗ್ರೆಸ್‌ನ ಕಳಲೆ ಕೇಶವಮೂರ್ತಿಯವರ ಎದುರು ಸೋತರು. ಕೇಶವಮೂರ್ತಿ ಶಾಸಕರಾಗಿದ್ದರು ಅನ್ನುವುದೇ ಆ ಪಟ್ಟಿಯಲ್ಲಿ ಸಿಗುವುದಿಲ್ಲ. ಹುಣಸೂರಿನದೂ ಇದೇ ಕಥೆ. 2018ರಲ್ಲಿ ಜೆಡಿಎಸ್‌ನಿಂದ ಗೆದ್ದ ಎಚ್. ವಿಶ್ವನಾಥ್, 2019ರ ಡಿಸೆಂಬರ್‌ನಲ್ಲಿ ಬಿಜೆಪಿಯಿಂದ ನಿಂತು ಕಾಂಗ್ರೆಸ್‌ನ ಎಚ್.ಪಿ. ಮಂಜುನಾಥ್ ಎದುರು ಸೋತರು. ಆ ಸಲ ರಾಜ್ಯದಲ್ಲಿ ಒಂದೇ ದಿನ 15 ಕ್ಷೇತ್ರಗಳಿಗೆ ಉಪಚುನಾವಣೆ ನಡೆದಿತ್ತು. ಅಷ್ಟೂ ಕ್ಷೇತ್ರಗಳ ಶಾಸಕರ ಚರಿತ್ರೆಯಲ್ಲಿ ಒಂದೊಂದು ಸಾಲು ಜಾಸ್ತಿ ಬರೆಯಬೇಕು.

ಕಳಲೆ ಅಂದೆನಲ್ಲ, ಹೆಸರಿನ ತೊಂದರೆಯೂ ಚಿಕ್ಕದಲ್ಲ. ನನಗೆ ಸಿಗುವ ಹಳೆಯ ವರದಿಗಳೆಲ್ಲ ಇಂಗ್ಲಿಷಿನಲ್ಲಿವೆ. ಇಂಗ್ಲಿಷಿನಲ್ಲಿ ಲ, ಳ ಎರಡೂ ಒಂದೇ. ನ, ಣ ಎರಡೂ ಒಂದೇ. ಒಮ್ಮೆ ನಮ್ಮ ಡೆಸ್ಕಿನಲ್ಲಿ ಕಳಲೆ ಹೋಗಿ 'ಕಲಾಲೆ' ಆಗಿತ್ತು, ಅಚ್ಚಿಗೆ ಹೋಗುವ ಮುಂಚೆ ಸಿಕ್ಕಿತು ಪುಣ್ಯಕ್ಕೆ. ಒಬ್ಬರದೇ ಹೆಸರು ಒಂದೊಂದು ಚುನಾವಣೆಯಲ್ಲಿ ಒಂದೊಂದು ಥರ ಇರುತ್ತದೆ. ಒಮ್ಮೆ ಇನಿಶಿಯಲ್ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಇಲ್ಲವೇ ಇಲ್ಲ. ಒಂದೇ ಹೆಸರಿನ ಇಬ್ಬರು ಒಂದೇ ಕಣದಲ್ಲಿ ಇರುವುದೂ ಉಂಟು. ಹಾಗಾಗಿ ತಂದೆಯ ಹೆಸರು, ಊರು ತಾಳೆಯಾಗದೆ ಎರಡು ಸಾಲುಗಳನ್ನು ಒಬ್ಬರ ಖಾತೆಗೆ ಹಾಕುವುದಿಲ್ಲ. ಸಂಶಯ ಬಂದರೆ ಆ ಊರಿಗೆ ಒಂದು ಫೋನ್ ಮಾಡುತ್ತೇನೆ, ಐದು ನಿಮಿಷದ ಕೆಲಸ.

ಫೋನ್ ಮಾಡಿದ್ದ ಹಿರಿಯರ ಮನೆಗೆ ಅದೇ ವಾರ ಹೋದೆ. ಉಪಚುನಾವಣೆಯ ಎಣಿಕೆ ದಿನ ಅವರು ಎಣಿಕೆ ಕೇಂದ್ರದ ಹೊರಗೆ ನಿಂತಿದ್ದರಂತೆ. ಒಳಗಿಂದ ಸುದ್ದಿ ಬಂದ ಹಾಗೆ ಪ್ರತಿ ಸುತ್ತಿನ ಲೀಡನ್ನು ಬರೆದಿಟ್ಟುಕೊಂಡ ಒಂದು ನೋಟ್‌ಬುಕ್ ತಂದು ತೋರಿಸಿದರು. ಪೆನ್ಸಿಲಿನ ಬರಹ, ಅಲ್ಲಲ್ಲಿ ಅಳಿಸಿಹೋಗಿತ್ತು. ಸುತ್ತಿನ ಸಂಖ್ಯೆಯ ಪಕ್ಕ ಒಂದು ಪ್ಲಸ್ ಇಲ್ಲವೇ ಮೈನಸ್. ಪ್ಲಸ್ ಇದ್ದ ಕಡೆ ಪೆನ್ಸಿಲನ್ನು ಜೋರಾಗಿ ಒತ್ತಿದ್ದರು, ಹಿಂದಿನ ಹಾಳೆಯಲ್ಲೂ ಗುರುತು ಮೂಡಿತ್ತು. ಕೊನೆಯಲ್ಲಿ 257 ಅಂತ ಬರೆದು ಸುತ್ತ ಎರಡು ಗೆರೆ ಎಳೆದಿದ್ದರು.

ಮಾತಿನ ಮಧ್ಯೆ ಅವರು "99ರಲ್ಲಿ ರಾಜಶೇಖರಮೂರ್ತಿ ಎದುರು ಸೋತಾಗ ನಾವೆಲ್ಲ ಊಟ ಮಾಡ್ಲಿಲ್ಲ ಕಣಪ್ಪಾ" ಅಂದರು. ಎಂ. ರಾಜಶೇಖರಮೂರ್ತಿ ಎದುರು ಸೋತದ್ದು 1989ರಲ್ಲಿ. 1999ರಲ್ಲಿ ಗೆದ್ದವರು ಎ.ಎಸ್. ಗುರುಸ್ವಾಮಿ. ಪ್ರಿಂಟ್ ತೆಗೆದುಕೊಂಡು ಹೋಗಿದ್ದೆ, ಮೆಲ್ಲಗೆ ಮುಂದಿಟ್ಟೆ. ಕನ್ನಡಕ ಹಾಕಿಕೊಂಡು ಓದಿದರು. "ಹೌದಲ್ವಾ, ಎರಡು ಸೋಲೂ ಕಲಸಿಹೋಗಿದೆ" ಅಂದರು. ನನ್ನ ವರದಿಯಲ್ಲಿ ಇಲ್ಲದ್ದು ಅವರ ನೆನಪಿನಲ್ಲಿತ್ತು. ಅವರ ನೆನಪಿನಲ್ಲಿ ತಪ್ಪಿದ್ದು ವರದಿಯಲ್ಲಿ ಸರಿ ಇತ್ತು. ಅವತ್ತಿನಿಂದ ನನಗೆ ಎರಡೂ ಬೇಕು. ಮೊದಲು ಕಾಗದ ನೋಡಿಕೊಂಡು ಆಮೇಲೆ ಹಳೆಯ ಕಾರ್ಯಕರ್ತರ ಹತ್ತಿರ ಹೋಗುತ್ತೇನೆ. ಬರೀ ಕೈಯಲ್ಲಿ ಹೋದರೆ ಏನು ಕೇಳಬೇಕು ಅನ್ನುವುದೇ ಗೊತ್ತಾಗುವುದಿಲ್ಲ.

ಇನ್ನು ಕ್ಷೇತ್ರದ ಗಡಿ. ಜಾಸ್ತಿ ಜನ ಎಡವುವುದು ಇಲ್ಲೇ. 2008ರ ಚುನಾವಣೆಗೆ ಮುಂಚೆ ಕ್ಷೇತ್ರಗಳ ಪುನರ್‌ವಿಂಗಡಣೆ ಆಯಿತು. ಬನ್ನೂರು, ಸಂತೇಮರಹಳ್ಳಿಯಂಥ ಕ್ಷೇತ್ರಗಳೇ ಇಲ್ಲವಾದವು. ವರುಣಾ ಹೊಸದಾಗಿ ಹುಟ್ಟಿತು. ಚಾಮುಂಡೇಶ್ವರಿಯ ಹೆಸರು ಉಳಿಯಿತು, ಆದರೆ ಒಳಗಿನ ಊರುಗಳು ಬದಲಾದವು. ಸಿದ್ದರಾಮಯ್ಯನವರ ಹುಟ್ಟೂರು ಸಿದ್ದರಾಮನಹುಂಡಿ ವರುಣಾಕ್ಕೆ ಸೇರಿತು. 2018ರಲ್ಲಿ ಅವರು ಚಾಮುಂಡೇಶ್ವರಿಯಿಂದ ನಿಂತು ಜಿ.ಟಿ. ದೇವೇಗೌಡರ ಎದುರು 36,042 ಮತಗಳಿಂದ ಸೋತಾಗ 'ಹಳೇ ಕ್ಷೇತ್ರವೇ ಕೈಬಿಟ್ಟಿತು' ಅನ್ನುವ ಮಾತು ಎಲ್ಲ ಕಡೆ ಕೇಳಿಬಂತು. ನಾನು ಆ ಸಾಲನ್ನು ಬರೆಯಲಿಲ್ಲ. 1983ರಲ್ಲಿ ಅವರನ್ನು ಗೆಲ್ಲಿಸಿದ ಚಾಮುಂಡೇಶ್ವರಿಯೂ 2018ರ ಚಾಮುಂಡೇಶ್ವರಿಯೂ ಹೆಸರಿಗೆ ಒಂದೇ, ನಕ್ಷೆಯಲ್ಲಿ ಬೇರೆ. ಅವರ ಸ್ವಂತ ಊರು ಇರುವ ವರುಣಾದಲ್ಲಿ ಅದೇ ದಿನ ಅವರ ಮಗ ಯತೀಂದ್ರ ಗೆದ್ದರು. ಸಿದ್ದರಾಮಯ್ಯನವರು ತಾವು ನಿಂತಿದ್ದ ಇನ್ನೊಂದು ಕ್ಷೇತ್ರ ಬಾದಾಮಿಯಲ್ಲಿ ಬಿ. ಶ್ರೀರಾಮುಲು ಎದುರು 1,696 ಮತಗಳಿಂದ ಗೆದ್ದು ಸದನಕ್ಕೆ ಬಂದರು.

ಹಾಗಾಗಿ ಒಂದು ಹಾಳೆಯಲ್ಲಿ 2008ರ ಹಿಂದೆ ಮುಂದೆ ಅಂತ ದಪ್ಪ ಗೆರೆ ಎಳೆದುಕೊಳ್ಳುತ್ತೇನೆ. ಪುನರ್‌ವಿಂಗಡಣೆ ಆದೇಶದಲ್ಲಿ ಯಾವ ಹೋಬಳಿ ಎಲ್ಲಿಗೆ ಸೇರಿತು ಅಂತ ಇರುತ್ತದೆ. ಅದನ್ನು ತಾಲೂಕಿನ ನಕ್ಷೆಯ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಗುರುತು ಮಾಡಿಕೊಂಡರೆ ಎಷ್ಟೋ ವಿಷಯ ಕಣ್ಣಿಗೇ ಕಾಣುತ್ತದೆ. ಇದಕ್ಕೆ ಒಂದು ಇಡೀ ದಿನ ಹಿಡಿಯುತ್ತದೆ, ಕೊಡಲೇಬೇಕು. ಕ್ಷೇತ್ರ ಬದಲಿಸಿದ ಶಾಸಕರನ್ನು 'ಓಡಿಹೋದರು' ಅಂತ ಸುಮ್ನೆ ಬರೆದುಬಿಡುತ್ತಾರೆ. ಮಲ್ಲಿಕಾರ್ಜುನ ಖರ್ಗೆಯವರು 1972ರಿಂದ 2004ರವರೆಗೆ ಗುರುಮಠಕಲ್‌ನಿಂದ ಎಂಟು ಸಲ ಗೆದ್ದವರು. 2008ರಲ್ಲಿ ಚಿತ್ತಾಪುರಕ್ಕೆ ಹೋಗಿ ಒಂಬತ್ತನೇ ಸಲ ಗೆದ್ದರು. ಆ ವರ್ಷವೇ ಯಾಕೆ ಹೋದರು ಅಂತ ಕೇಳಿದರೆ ಪುನರ್‌ವಿಂಗಡಣೆಯ ಕಡೆ ನೋಡಲೇಬೇಕು.

ಖರ್ಗೆಯವರ ಬಗ್ಗೆ ಬರೆಯುವಾಗ 'ಸೋಲಿಲ್ಲದ ಸರದಾರ' ಅನ್ನುವ ಬಿರುದು ಎಲ್ಲರ ಬಾಯಲ್ಲೂ ಇತ್ತು. 2019ರ ಲೋಕಸಭಾ ಚುನಾವಣೆಯಲ್ಲಿ ಕಲಬುರಗಿಯಲ್ಲಿ ಉಮೇಶ್ ಜಾಧವ್ ಎದುರು ಸೋತ ಮೇಲೆ ಆ ಬಿರುದನ್ನು ಏನು ಮಾಡುವುದು? ನಾನು ಎರಡನ್ನೂ ಬರೆದೆ. ವಿಧಾನಸಭೆ, ಲೋಕಸಭೆ ಸೇರಿ ಸತತ 11 ಗೆಲುವು, ಆಮೇಲೆ ಮೊದಲ ಸೋಲು. ಗೆಲುವನ್ನಷ್ಟೇ ಎಣಿಸಿದರೆ ಚರಿತ್ರೆ ಆಗುವುದಿಲ್ಲ ಅನ್ನುವುದು ನನ್ನ ಗಟ್ಟಿ ನಂಬಿಕೆ. ಸಿದ್ದರಾಮಯ್ಯನವರು ವಿಧಾನಸಭೆಗೆ 2023ರವರೆಗೆ 12 ಸಲ ನಿಂತಿದ್ದಾರೆ, ಬಾದಾಮಿಯನ್ನೂ ಉಪಚುನಾವಣೆಯನ್ನೂ ಸೇರಿಸಿ. ಒಂಬತ್ತು ಗೆಲುವು, ಮೂರು ಸೋಲು. ಆ ಮೂರನ್ನು ಬಿಟ್ಟು ಬರೆದರೆ ಅವರು ಎಷ್ಟು ಸಲ ಮತ್ತೆ ಮೊದಲಿಂದ ಶುರು ಮಾಡಿದರು ಅನ್ನುವುದೇ ಓದುವವರಿಗೆ ತಿಳಿಯುವುದಿಲ್ಲ.

ಎದುರಾಳಿಯ ಹೆಸರನ್ನೂ ಬಿಡುವುದಿಲ್ಲ. 2004ರಲ್ಲಿ ಸಂತೇಮರಹಳ್ಳಿಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತ, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751. ಒಂದೇ ಒಂದು ಮತ! ಗೆದ್ದವರ ಕಥೆ ಎಲ್ಲರೂ ಬರೆದರು. ಕೃಷ್ಣಮೂರ್ತಿಯವರು 2023ರಲ್ಲಿ ಕೊಳ್ಳೇಗಾಲದಿಂದ ಗೆದ್ದು ಬಂದಾಗ ಆ ಹಳೆಯ ಸಂಖ್ಯೆಯನ್ನು ಪಕ್ಕದಲ್ಲಿಟ್ಟು ನೋಡಿ ನನಗೆ ಮನಸ್ಸು ತುಂಬಿಬಂತು. ಆ ಒಂದು ಮತದ ಸೋಲು ಅವರ ಹೆಸರಿನ ಸಾಲಲ್ಲೂ ಇರಬೇಕಾದದ್ದೇ, ಅಲ್ವಾ?

ಪಕ್ಷದ ಹೆಸರಿನಲ್ಲೂ ಹುಷಾರಾಗಿರಬೇಕು. 1983ರ ಸಿದ್ದರಾಮಯ್ಯನವರ ಮೊದಲ ಗೆಲುವನ್ನು ಕೆಲವು ಕಡೆ ಲೋಕದಳ ಅಂತ, ಕೆಲವು ಕಡೆ ಪಕ್ಷೇತರ ಅಂತ ಬರೆದಿದ್ದಾರೆ. ಇಂಥ ಕಡೆ ನಾನು ಒಂದನ್ನು ಆರಿಸಿ ಇನ್ನೊಂದನ್ನು ಮುಚ್ಚಿಡುವುದಿಲ್ಲ, ಎರಡನ್ನೂ ಹೇಳುತ್ತೇನೆ.

ಅಭ್ಯರ್ಥಿಗಳು ನಾಮಪತ್ರದ ಜೊತೆ ಕೊಡುವ ಪ್ರಮಾಣಪತ್ರ, ಅಂದರೆ ಅಫಿಡವಿಟ್ ಬಗ್ಗೆ ಎರಡು ಮಾತು. ಸುಪ್ರೀಂ ಕೋರ್ಟ್ ತೀರ್ಪಿನಿಂದಾಗಿ 2004ರ ಚುನಾವಣೆಯಿಂದ ನಮಗೆ ಅಭ್ಯರ್ಥಿಗಳ ಆಸ್ತಿ, ಸಾಲ, ಮೊಕದ್ದಮೆಗಳ ವಿವರ ಸಿಗುತ್ತಿದೆ. ಐದು ವರ್ಷದಲ್ಲಿ ಆಸ್ತಿ ಇಷ್ಟು ಪಟ್ಟು ಏರಿತು ಅಂತ ಬರೆಯುವುದು ಸುಲಭ. ಆದರೆ ಜಮೀನಿನ ಸಾಲಿನಲ್ಲಿ ಕೊಂಡ ವರ್ಷ, ಕೊಂಡ ಬೆಲೆ, ಈಗಿನ ಬೆಲೆ ಎಲ್ಲ ಬೇರೆ ಬೇರೆ ಇರುತ್ತವೆ. ಹೊಸದಾಗಿ ಕೊಂಡದ್ದೋ, ಹಳೇ ಜಮೀನಿಗೇ ಬೆಲೆ ಏರಿದ್ದೋ ನೋಡಿ ಬರೆಯಬೇಕು.

ಸದನದ ಕೆಲಸ ಅಳೆಯುವಾಗ ನಾನು ಒಂದು ದೊಡ್ಡ ತಪ್ಪು ಮಾಡಿದ್ದೆ. ಒಬ್ಬ ಶಾಸಕರ ಅವಧಿಯಲ್ಲಿ ಎಷ್ಟು ಪ್ರಶ್ನೆ ಕೇಳಿದರು ಅಂತ ಎಣಿಸಿ, ಒಂದು ಅವಧಿಯಲ್ಲಿ 'ಒಂದೂ ಕೇಳಲಿಲ್ಲ' ಅಂತ ಬರೆಯಲು ಹೊರಟಿದ್ದೆ. ಅವರು ಆಗ ಮಂತ್ರಿ. ಮಂತ್ರಿಯಾದವರು ಪ್ರಶ್ನೆ ಕೇಳುವವರಲ್ಲ, ಉತ್ತರ ಕೊಡುವವರು. ಈಗ ಪ್ರತಿ ಅವಧಿಯ ಪಕ್ಕ ಅವರು ಆಡಳಿತ ಪಕ್ಷದಲ್ಲಿದ್ದರೋ ವಿರೋಧ ಪಕ್ಷದಲ್ಲೋ, ಮಂತ್ರಿಯೋ ಬರೀ ಶಾಸಕರೋ ಅಂತ ಮೊದಲೇ ಬರೆದಿಡುತ್ತೇನೆ. ಆಮೇಲೆ ಚುಕ್ಕೆ ಗುರುತಿನ ಪ್ರಶ್ನೆ (ಮಂತ್ರಿ ಸದನದಲ್ಲೇ ಬಾಯಲ್ಲಿ ಉತ್ತರ ಕೊಡಬೇಕಾದದ್ದು), ಶೂನ್ಯವೇಳೆಯ ಮಾತು, ಗಮನ ಸೆಳೆಯುವ ಸೂಚನೆ ನೋಡುತ್ತೇನೆ. ಸದನದ ನಡಾವಳಿ ಓದಲು ತಾಳ್ಮೆ ಬೇಕು. ಆದರೆ ತಮ್ಮ ಊರಿನ ಕೆರೆಗೋ ರಸ್ತೆಗೋ ಒಬ್ಬ ಶಾಸಕ ಮೂರು ಅಧಿವೇಶನ ಬಿಡದೆ ಕೇಳಿದ್ದು ಅಲ್ಲಿ ಮಾತ್ರ ಸಿಗುತ್ತದೆ, ಬೇರೆಲ್ಲೂ ಇಲ್ಲ.

2023ರ ಫಲಿತಾಂಶ ಬಂದ ಸಂಜೆ, ವರುಣಾದಲ್ಲಿ ವಿ. ಸೋಮಣ್ಣ ಎದುರು 46,163 ಮತಗಳ ಗೆಲುವನ್ನು ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿ ಬರೆದುಕೊಂಡೆ. ಸ್ವಲ್ಪ ಮೇಲೆ, 2004 ಮತ್ತು 2008ರ ನಡುವೆ ಜಾಗವಿಲ್ಲದ ಕಡೆ, ಚಿಕ್ಕ ಅಕ್ಷರದಲ್ಲಿ ತುರುಕಿದ 257 ಕಂಡಿತು. ಈಗ ಹೊಸ ಪುಟ ಶುರು ಮಾಡುವಾಗ ಪ್ರತಿ ಎರಡು ಚುನಾವಣೆಗಳ ನಡುವೆ ಒಂದು ಸಾಲು ಖಾಲಿ ಬಿಡುತ್ತೇನೆ.