ಕೆಪಾಸಿಟರ್ ಚಾರ್ಜ್ ಆಗುವುದನ್ನು ಮೀಟರಿನಲ್ಲೇ ನೋಡಿ

ಬ್ಯಾಟರಿಗೆ ಜೋಡಿಸಿದರೆ ಕೆಪಾಸಿಟರ್ (ಚಾರ್ಜನ್ನು ಹಿಡಿದಿಟ್ಟುಕೊಳ್ಳುವ ಬಿಡಿಭಾಗ) ಚಾರ್ಜ್ ಆಗುತ್ತದೆ ಎಂಬುದು ಪಿಯುಸಿಯಲ್ಲಿ ವಿಜ್ಞಾನ ಓದಿದ ಎಲ್ಲರಿಗೂ ಗೊತ್ತು. ಸೂತ್ರವನ್ನೂ ಬಾಯಿಪಾಠ ಮಾಡಿರುತ್ತಾರೆ. ಆದರೆ ಕೆಪಾಸಿಟರಿನ ವೋಲ್ಟೇಜ್ ಏರುವ ರೀತಿಯನ್ನು ಕಣ್ಣಾರೆ ನೋಡಿದರೆ ಸೂತ್ರ ತಾನಾಗಿಯೇ ಅರ್ಥವಾಗುತ್ತದೆ. ಇದಕ್ಕೆ ದುಬಾರಿ ಉಪಕರಣ ಬೇಡ, ಸಾಮಾನ್ಯ ಡಿಜಿಟಲ್ ಮಲ್ಟಿಮೀಟರ್ ಸಾಕು.

ಬೇಕಾಗುವುದು ಇಷ್ಟು: 9 ವೋಲ್ಟ್ ಬ್ಯಾಟರಿ, ಅದರ ಕ್ಲಿಪ್, ಒಂದು ಬ್ರೆಡ್‌ಬೋರ್ಡ್ (ಬೆಸುಗೆ ಇಲ್ಲದೆ ಚುಚ್ಚಿ ಜೋಡಿಸುವ ತೂತುಗಳ ಹಲಗೆ), ನಾಲ್ಕಾರು ವೈರ್, 10 ಕಿಲೋಓಮ್ ರೆಸಿಸ್ಟರ್ (ಕಂದು, ಕಪ್ಪು, ಕಿತ್ತಳೆ ಪಟ್ಟಿ ಇರುವುದು) ಮತ್ತು 1000 ಮೈಕ್ರೋಫ್ಯಾರಡ್‌ನ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್. ಕೆಪಾಸಿಟರ್ ಮೇಲೆ 16 ಅಥವಾ 25 ವೋಲ್ಟ್ (ಅದು ತಾಳಬಲ್ಲ ಗರಿಷ್ಠ ವೋಲ್ಟೇಜ್) ಎಂದು ಬರೆದಿರುವುದನ್ನೇ ಆರಿಸಿ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಇವೆಲ್ಲ ಒಂದೇ ಅಂಗಡಿಯಲ್ಲಿ ಸಿಗುತ್ತವೆ.

ಜೋಡಿಸುವ ಮೊದಲು ಕೆಪಾಸಿಟರನ್ನು ಕೈಯಲ್ಲಿ ತಿರುಗಿಸಿ ನೋಡಿ. ಒಂದು ಪಕ್ಕದಲ್ಲಿ ಮೇಲಿಂದ ಕೆಳಗೆ ಪಟ್ಟಿ, ಅದರಲ್ಲಿ ಮೈನಸ್ ಗುರುತು ಇರುತ್ತದೆ. ಆ ಕಡೆಯ ಕಾಲು ಮೈನಸ್. ಹೊಸದಾದರೆ ಉದ್ದ ಕಾಲು ಪ್ಲಸ್. ಒಳಗೆ ಅಲ್ಯೂಮಿನಿಯಂ ಹಾಳೆಯ ಮೇಲೆ ತೀರಾ ತೆಳುವಾದ ಆಕ್ಸೈಡ್ ಪದರ ಇರುತ್ತದೆ. ಕರೆಂಟನ್ನು ತಡೆದು ಹಿಡಿಯುವುದು ಅದೇ. ಉಲ್ಟಾ ಜೋಡಿಸಿದರೆ ಆ ಪದರ ಹಾಳಾಗಿ ಕೆಪಾಸಿಟರ್ ಬಿಸಿಯಾಗುತ್ತದೆ, ಉಬ್ಬಿ ಒಡೆಯಲೂಬಹುದು. ಹಾಗಾಗಿ ಇದೊಂದನ್ನು ಎರಡು ಸಲ ನೋಡಿಕೊಳ್ಳಿ.

ಈಗ ಬ್ಯಾಟರಿಯ ಮೈನಸ್ಸನ್ನು ಬೋರ್ಡಿನ ಮೈನಸ್ ಸಾಲಿಗೆ, ಪ್ಲಸ್ಸನ್ನು ಪ್ಲಸ್ ಸಾಲಿಗೆ ಕೊಡಿ. ಕೆಪಾಸಿಟರಿನ ಮೈನಸ್ ಕಾಲು ಮೈನಸ್ ಸಾಲಿಗೆ ಹೋಗಲಿ. ಪ್ಲಸ್ ಕಾಲಿಗೆ ರೆಸಿಸ್ಟರಿನ ಒಂದು ತುದಿ ಸೇರಿಸಿ. ರೆಸಿಸ್ಟರಿನ ಇನ್ನೊಂದು ತುದಿಯಿಂದ ಒಂದು ವೈರ್ ಎಳೆದು, ಅದನ್ನು ಸದ್ಯಕ್ಕೆ ಎಲ್ಲಿಗೂ ಚುಚ್ಚದೆ ಬಿಡಿ. ಅದೇ ನಮ್ಮ ಸ್ವಿಚ್. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು ಕೆಪಾಸಿಟರಿನ ಎರಡು ಕಾಲಿಗೂ ಹಿಡಿಯಿರಿ. ಸೊನ್ನೆ ತೋರಿಸಬೇಕು.

ಮೊಬೈಲ್‌ನಲ್ಲಿ ಸ್ಟಾಪ್‌ವಾಚ್ ಒತ್ತಿ, ಅದೇ ಕ್ಷಣಕ್ಕೆ ವೈರನ್ನು ಪ್ಲಸ್ ಸಾಲಿಗೆ ಚುಚ್ಚಿ. ಮೀಟರಿನ ಅಂಕಿಗಳು ಓಡತೊಡಗುತ್ತವೆ. ಬ್ಯಾಟರಿ ಸರಿಯಾಗಿ 9 ವೋಲ್ಟ್ ಇದ್ದರೆ 10ನೇ ಸೆಕೆಂಡಿಗೆ ಸುಮಾರು 5.7, 20ಕ್ಕೆ 7.8, 30ಕ್ಕೆ 8.6 ಬರುತ್ತದೆ. ಮೊದಲ ಹತ್ತು ಸೆಕೆಂಡಿನಲ್ಲಿ 5.7 ವೋಲ್ಟ್ ಏರಿದ್ದು, ಮುಂದಿನ ಹತ್ತರಲ್ಲಿ ಏರಿದ್ದು ಎರಡೇ ವೋಲ್ಟ್ ಚಿಲ್ಲರೆ. ಆಮೇಲಿನ ಹತ್ತರಲ್ಲಿ ಒಂದು ವೋಲ್ಟೂ ಇಲ್ಲ. 50ನೇ ಸೆಕೆಂಡಿನ ಹೊತ್ತಿಗೆ 8.9 ದಾಟಿ, ಅಂಕಿ ತೆವಳುತ್ತಿರುತ್ತದೆ.

ಬ್ಯಾಟರಿ ಅದೇ, ರೆಸಿಸ್ಟರ್ ಅದೇ. ಮತ್ತೆ ಯಾಕೆ ನಿಧಾನ?

ಉತ್ತರ ರೆಸಿಸ್ಟರಿನ ಎರಡು ತುದಿಗಳಲ್ಲಿದೆ. ಶುರುವಿನಲ್ಲಿ ಕೆಪಾಸಿಟರ್ ಖಾಲಿ. ಹಾಗಾಗಿ ಬ್ಯಾಟರಿಯ ಪೂರ್ತಿ 9 ವೋಲ್ಟ್ ರೆಸಿಸ್ಟರಿನ ಮೇಲೆಯೇ ಬೀಳುತ್ತದೆ. 10 ಕಿಲೋಓಮ್ ಮೂಲಕ 0.9 ಮಿಲಿಆಂಪ್ ಹರಿಯುತ್ತದೆ. ಕೆಪಾಸಿಟರ್ 5.7 ವೋಲ್ಟಿಗೆ ಏರಿದಾಗ ರೆಸಿಸ್ಟರಿನ ಪಾಲಿಗೆ ಉಳಿಯುವುದು 3.3 ಮಾತ್ರ, ಕರೆಂಟೂ 0.33 ಮಿಲಿಆಂಪಿಗೆ ಇಳಿಯುತ್ತದೆ. ಬುಡದಲ್ಲಿ ಪೈಪ್ ಹಾಕಿ ಜೋಡಿಸಿದ ಎರಡು ನೀರಿನ ಡ್ರಮ್ ನೋಡಿದ್ದೀರಲ್ವಾ? ಮಟ್ಟ ಹತ್ತಿರವಾದಂತೆ ಹರಿವು ಕುಗ್ಗುತ್ತದೆ. ಇಲ್ಲೂ ತುಂಬಿದಷ್ಟೂ ತುಂಬುವ ವೇಗ ಕಡಿಮೆ. ನನಗೆ ಈ ವಿಷಯದಲ್ಲಿ ತುಂಬಾ ಇಷ್ಟವಾಗುವ ಮಾತು ಇದೇ.

ರೆಸಿಸ್ಟರ್ ಮತ್ತು ಕೆಪಾಸಿಟರ್ ಬೆಲೆಗಳನ್ನು ಗುಣಿಸಿದರೆ ನೇರವಾಗಿ ಸೆಕೆಂಡೇ ಸಿಗುತ್ತದೆ. 10,000 ಓಮ್ ಗುಣಿಸು 0.001 ಫ್ಯಾರಡ್ ಅಂದರೆ 10 ಸೆಕೆಂಡ್. ಇದಕ್ಕೆ ಟೈಮ್ ಕಾನ್‌ಸ್ಟಂಟ್ ಎನ್ನುತ್ತಾರೆ. ಇಷ್ಟು ಹೊತ್ತಿನಲ್ಲಿ ಶೇ 63ರಷ್ಟು ಚಾರ್ಜ್ ಆಗುತ್ತದೆ, ಇದರ ಐದು ಪಟ್ಟು ಹೊತ್ತಿನಲ್ಲಿ ಶೇ 99 ದಾಟುತ್ತದೆ. ನಿಮ್ಮ ಅಳತೆಯಲ್ಲಿ 10ರ ಬದಲು 11 ಸೆಕೆಂಡ್ ಬಂದರೆ ಗಾಬರಿ ಬೇಡ. ಈ ಬಗೆಯ ಕೆಪಾಸಿಟರ್ ಬರೆದ ಬೆಲೆಗಿಂತ ಶೇ 20ರಷ್ಟು ಆಚೀಚೆ ಇರುವುದು ಮಾಮೂಲಿ. 555 ಟೈಮರ್ ಐಸಿ ಎಂಬ ಚಿಪ್ ಹೊತ್ತು ಅಳೆಯುವುದೂ ಹೀಗೆಯೇ: ಕೆಪಾಸಿಟರ್ ಸಪ್ಲೈ ವೋಲ್ಟೇಜಿನ ಮೂರನೇ ಎರಡು ಭಾಗ ಮುಟ್ಟುವವರೆಗೆ ಕಾಯುತ್ತದೆ. ಅಷ್ಟು ಏರಲು ಟೈಮ್ ಕಾನ್‌ಸ್ಟಂಟಿನ 1.1 ಪಟ್ಟು ಹೊತ್ತು ಬೇಕು, ಅದರ ಸೂತ್ರದಲ್ಲಿರುವ 1.1 ಬಂದದ್ದು ಅಲ್ಲಿಂದಲೇ.

ಖಾಲಿ ಮಾಡಲು ಅದೇ ವೈರನ್ನು ಪ್ಲಸ್ ಸಾಲಿನಿಂದ ಕಿತ್ತು ಮೈನಸ್ ಸಾಲಿಗೆ ಚುಚ್ಚಿ. ಮೊದಲು ಸರಸರನೆ, ಆಮೇಲೆ ನಿಧಾನವಾಗಿ ಇಳಿಯುತ್ತದೆ. 10 ಸೆಕೆಂಡಿಗೆ 3.3 ವೋಲ್ಟ್ ಉಳಿದಿರುತ್ತದೆ. ಈ ಆಟ ಬ್ಯಾಟರಿಯ ಮೇಲೆ ಮಾತ್ರ. ಫ್ಯಾನಿನ ಕೆಪಾಸಿಟರ್, ಹಳೆಯ ಕ್ಯಾಮೆರಾದ ಫ್ಲ್ಯಾಶ್, ಟಿವಿಯ ಪವರ್ ಬೋರ್ಡ್ ಮುಟ್ಟಬೇಡಿ. ಪ್ಲಗ್ ಕಿತ್ತ ಮೇಲೂ ಅವುಗಳಲ್ಲಿ ಜೋರು ಶಾಕ್ ಹೊಡೆಯುವಷ್ಟು ಚಾರ್ಜ್ ಉಳಿದಿರಬಹುದು.

ಇನ್ನೊಂದು ಪ್ರಯೋಗವನ್ನೂ ಮಾಡಿ ನೋಡಿ. 1 ಮೆಗಾಓಮ್ ರೆಸಿಸ್ಟರ್, 10 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿ. ಗುಣಿಸಿದರೆ ಮತ್ತೆ 10 ಸೆಕೆಂಡೇ. ಆದರೆ ಈ ಸಲ ಅಂಕಿ 8.2ರ ಆಸುಪಾಸಿನಲ್ಲೇ ನಿಂತುಬಿಡುತ್ತದೆ, ಎಷ್ಟು ಕಾದರೂ 9 ಆಗುವುದಿಲ್ಲ. ಬಹಳಷ್ಟು ಡಿಜಿಟಲ್ ಮೀಟರುಗಳ ಒಳಗೇ 10 ಮೆಗಾಓಮ್ ಇರುತ್ತದೆ. ಅದರ ಮೂಲಕ ಕರೆಂಟ್ ಸ್ವಲ್ಪ ಸ್ವಲ್ಪವೇ ಸೋರುತ್ತಿರುತ್ತದೆ. ಮೀಟರಿನ ಒಂದು ಕಡ್ಡಿಯನ್ನು ಎತ್ತಿ, ಒಂದು ನಿಮಿಷ ಬಿಟ್ಟು ಮತ್ತೆ ಮುಟ್ಟಿಸಿ. ಮೊದಲು ಕಾಣುವ ಅಂಕಿ 9ರ ಹತ್ತಿರ ಇರುತ್ತದೆ, ನೋಡುತ್ತಿದ್ದಂತೆ ಕೆಳಗೆ ಜಾರುತ್ತದೆ.