ಬುಧವಾರದ ಮೀಟ್‌ಲೋಫ್: ನಾದಬಾರದು, ಮುಚ್ಚಳ ತೆಗೆಯಬಾರದು

ಬುಧವಾರ ನನ್ನ ಪಾಳಿ ಬೆಳಿಗ್ಗೆ ಹತ್ತೂವರೆಯಿಂದ ಸಂಜೆ ಏಳರವರೆಗೆ. ನಮ್ಮ ಯಜಮಾನರು ಐದಕ್ಕೆ ಮಕ್ಕಳನ್ನು ಕರೆದುಕೊಂಡು ಮನೆಗೆ ಬರುತ್ತಾರೆ, ಆರೂಮುಕ್ಕಾಲಿಗೆ ಮಗಳನ್ನು ಈಜಿನ ಕ್ಲಾಸಿಗೆ ಬಿಡಬೇಕು. ಆ ನಡುವೆ ಎಲ್ಲರ ಊಟ ಮುಗಿಯಬೇಕು. ಇಲ್ಲಿ ಅಮೆರಿಕದ ಒಹಾಯೊದ ಕೊಲಂಬಸ್‌ನಲ್ಲಿ ಜನವರಿಯ ಸಂಜೆ ಐದೂವರೆಗೆಲ್ಲ ಕತ್ತಲಾಗಿಬಿಡುತ್ತದೆ. ಚಳಿಯಿಂದ ಒಳಗೆ ಬಂದ ಮಕ್ಕಳಿಗೆ ಬಾಗಿಲು ತೆಗೆದ ಕೂಡಲೇ ಬೆಂದ ಈರುಳ್ಳಿ, ಮಾಂಸದ ಘಮ ಮೂಗಿಗೆ ಬಡಿದರೆ ಅವರ ಮುಖವೇ ಬದಲಾಗುತ್ತದೆ. ಅದಕ್ಕಾಗಿಯೇ ಬುಧವಾರ ನಮ್ಮನೆಯಲ್ಲಿ ಮೀಟ್‌ಲೋಫ್, ಅಂದರೆ ಕೈಮಾವನ್ನು ಕಲಸಿ ಇಡೀ ಮುದ್ದೆಯಾಗಿ ಬೇಯಿಸಿ ಹೋಳು ಮಾಡಿ ತಿನ್ನುವ ಅಡುಗೆ.

ಇದನ್ನು ನನಗೆ ಕಲಿಸಿದ್ದು ಎದುರುಮನೆಯ ಅಜ್ಜಿ, ಒಹಾಯೊದಲ್ಲೇ ಹುಟ್ಟಿ ಬೆಳೆದವರು. ಅವರು ದನದ ಮಾಂಸದಲ್ಲಿ, ಓವನ್‌ನಲ್ಲಿ ಮಾಡುತ್ತಾರೆ. ನಾವು ದನದ ಮಾಂಸ ತಿನ್ನುವುದಿಲ್ಲವಾದ್ದರಿಂದ ಟರ್ಕಿ ಕೋಳಿಯ ಕೈಮಾದಲ್ಲಿ, ಸ್ಲೋ ಕುಕ್ಕರ್‌ನಲ್ಲಿ ಮಾಡುತ್ತೇನೆ. ಇದು ಸೀಟಿ ಹೊಡೆಯುವ ಕುಕ್ಕರ್ ಅಲ್ಲ, ಸಣ್ಣ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟಿನ ಪಾತ್ರೆ. ನಾನು ಸಕಲೇಶಪುರದ ಕಡೆಯ ಗೌಡರ ಮನೆ ಹುಡುಗಿ. ಕೈಮ ಉಂಡೆ ಸಾರು ನನಗೆ ಕೈಯಳತೆಯ ಅಡುಗೆ. ಹಾಗಾಗಿ ಮೊದಲ ಸಲ ಮೀಟ್‌ಲೋಫ್ ಮಾಡುವಾಗ ಉಂಡೆಗೆ ನಾದಿದ ಹಾಗೆಯೇ ಚೆನ್ನಾಗಿ ನಾದಿದೆ. ಫೋನಿನಲ್ಲಿ ಅಮ್ಮನಿಗೆ ಹೇಳಿದಾಗ, "ಏನು ಮಗಾ, ಉಂಡೆ ಕಟ್ಟದೆ ಇಡೀ ಮುದ್ದೇನೇ ಬೇಯಿಸ್ತಾರಾ?" ಅಂತ ಅಚ್ಚರಿಪಟ್ಟರು. ಸಂಜೆ ತಟ್ಟೆಗೆ ಬಂದದ್ದು ರಬ್ಬರಿನ ಹಾಗೆ ಬಿಗಿಯಾಗಿತ್ತು. ಮಗ ಎರಡು ತುತ್ತು ತಿಂದು ತಟ್ಟೆ ಸರಿಸಿದ.

ಕಾರಣ ಆಮೇಲೆ ತಿಳಿಯಿತು. ಉಂಡೆ ಕುದಿಯುವ ಸಾರಿನಲ್ಲಿ ಒಡೆಯಬಾರದು, ಅದಕ್ಕೇ ಉಪ್ಪು ಹಾಕಿ ಜಿಗುಟು ಬರುವವರೆಗೂ ನಾದುತ್ತೇವೆ. ಉಪ್ಪು ಬಿದ್ದ ಮಾಂಸವನ್ನು ಕಲಸಿದಷ್ಟೂ ಅದರ ಪ್ರೋಟೀನು ಎಳೆಎಳೆಯಾಗಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಸಣ್ಣ ಉಂಡೆಗೆ ಆ ಬಿಗಿ ಬೇಕು. ಎರಡು ಪೌಂಡಿನ ಮುದ್ದೆಗೆ ಅದೇ ಶತ್ರು. ಮೀಟ್‌ಲೋಫ್‌ನ ಮೆದುತನವೆಲ್ಲ ಇರುವುದು ಇಲ್ಲಿಯೇ: ಮಾಂಸ ಕೊನೆಗೆ ಬೀಳಬೇಕು, ಕೈ ಹಗುರವಾಗಿ ಆಡಬೇಕು.

ಅಳತೆ ಆರು ಕ್ವಾರ್ಟಿನ, ಅಂದರೆ ಸುಮಾರು ಐದೂಮುಕ್ಕಾಲು ಲೀಟರಿನ, ಕೋಳಿಮೊಟ್ಟೆ ಆಕಾರದ ಕುಕ್ಕರಿಗೆ. ನಾಲ್ಕು ಜನರಿಗೆ ರಾತ್ರಿಯ ಊಟ, ಮಾರನೇ ದಿನಕ್ಕೂ ಉಳಿಯುತ್ತದೆ. ಟರ್ಕಿ ಕೈಮಾ 2 ಪೌಂಡ್, ಅಂದರೆ ಸುಮಾರು 900 ಗ್ರಾಂ. ಪ್ಯಾಕೆಟ್ ಮೇಲೆ 85/15 ಎಂದೋ 93/7 ಎಂದೋ ಇರುತ್ತದೆ, ಎರಡನೆಯ ಅಂಕಿ ಕೊಬ್ಬಿನದು. ನಾನು 85/15 ತರುತ್ತೇನೆ. 99 ಎಂದು ಬರೆದಿರುವುದು ಬರೀ ಎದೆಯ ಮಾಂಸ, ಅದನ್ನು ಮಾತ್ರ ತರಬೇಡಿ, ಏನು ಮಾಡಿದರೂ ಒಣಗುತ್ತದೆ. ಸಾದಾ ಬ್ರೆಡ್ 3 ಹೋಳು, ಹಾಲು ಅರ್ಧ ಕಪ್, ಮೊಟ್ಟೆ 2, ದೊಡ್ಡ ಈರುಳ್ಳಿ 1, ಬೆಳ್ಳುಳ್ಳಿ 4 ಎಸಳು, ಒಂದು ಕ್ಯಾರೆಟ್‌ನ ತುರಿ, ಉಪ್ಪು ಒಂದೂವರೆ ಟೀ ಚಮಚ, ಕಾಳುಮೆಣಸಿನ ಪುಡಿ 1 ಟೀ ಚಮಚ, ಒಣ ಥೈಮ್ ಅರ್ಧ ಟೀ ಚಮಚ, ವೂಸ್ಟರ್‌ಶೈರ್ ಸಾಸ್ 1 ದೊಡ್ಡ ಚಮಚ. ಆ ಸಾಸಿನಲ್ಲಿ ಸಾಮಾನ್ಯವಾಗಿ ಮೀನು ಇರುತ್ತದೆ. ಮನೆಯಲ್ಲಿ ಮೀನು ಆಗದವರಿದ್ದರೆ ಬಾಟಲಿಯ ಹಿಂದೆ ಓದಿಕೊಳ್ಳಿ. ಅಡಿಗೆ ಹಾಸಲು ಆಲೂಗಡ್ಡೆ 3, ಈರುಳ್ಳಿ ಇನ್ನೊಂದು.

ಬ್ರೆಡ್ಡಿನ ಬದಲು ನಮ್ಮ ಹುರಿಗಡಲೆ ಪುಡಿ ಹಾಕಿದರೆ ಆಗುವುದಿಲ್ಲವೇ ಎಂದು ನನಗೂ ಅನಿಸಿತ್ತು. ಹಾಕಿ ನೋಡಿದೆ. ಹುರಿಗಡಲೆ ನೀರು ಹೀರುತ್ತದೆ, ಹಿಡಿದೂ ಇಡುತ್ತದೆ. ಆದರೆ ಹಾಲಿನಲ್ಲಿ ನೆನೆದ ಬ್ರೆಡ್ಡು ಮಾಂಸದ ನಡುನಡುವೆ ಕೂತು ಅದನ್ನು ಬಿಗಿಯಾಗಲು ಬಿಡುವುದಿಲ್ಲ, ಆ ಮೆದು ಹುರಿಗಡಲೆಗೆ ಇಲ್ಲ. ಈಗ 2 ಹೋಳು ಬ್ರೆಡ್ಡು, 2 ದೊಡ್ಡ ಚಮಚ ಹುರಿಗಡಲೆ ಪುಡಿ ಎಂದು ನೆಲೆ ನಿಂತಿದ್ದೇನೆ. ಉಂಡೆ ಸಾರಿನ ಪರಿಮಳ ಒಂದಿಷ್ಟು ಬರುತ್ತದೆ. ಮೊದಲ ಸಲ ಮಾಡುವವರು ಬ್ರೆಡ್ಡಿನಲ್ಲೇ ಮಾಡಿ.

ಮಂಗಳವಾರ ರಾತ್ರಿ ಪಾತ್ರೆ ತೊಳೆದ ಮೇಲೆ ಹದಿನೈದು ನಿಮಿಷದ ಕೆಲಸ. ಈರುಳ್ಳಿ, ಬೆಳ್ಳುಳ್ಳಿ ಸಣ್ಣಗೆ ಹೆಚ್ಚಿ ಒಂದು ಚಮಚ ಎಣ್ಣೆಯಲ್ಲಿ ಮೆತ್ತಗಾಗುವವರೆಗೆ ಬಾಡಿಸಿ, ಆರಿಸಿ, ಡಬ್ಬಿಗೆ ಹಾಕಿ ಫ್ರಿಜ್ಜಿನಲ್ಲಿಡುತ್ತೇನೆ. ಹಸಿ ಈರುಳ್ಳಿ ಹಾಕಿದರೆ ಮುಚ್ಚಿದ ಕುಕ್ಕರಿನಲ್ಲಿ ಅದು ನೀರು ಬಿಡುತ್ತದೆ, ಹಸಿ ವಾಸನೆಯೂ ಹೋಗುವುದಿಲ್ಲ. ಕ್ಯಾರೆಟ್ ತುರಿದು ಅದರ ಜೊತೆಗೇ. ಮೇಲೆ ಸವರುವ ಸಾಸನ್ನೂ ಆಗಲೇ ಕಲಸುತ್ತೇನೆ: ಟೊಮೆಟೊ ಕೆಚಪ್ ಅರ್ಧ ಕಪ್, ಪುಡಿ ಬೆಲ್ಲ ಅಥವಾ ಬ್ರೌನ್ ಶುಗರ್ 2 ದೊಡ್ಡ ಚಮಚ, ಆಪಲ್ ಸೈಡರ್ ವಿನೆಗರ್ 1 ದೊಡ್ಡ ಚಮಚ, ಸಾಸಿವೆ ಸಾಸ್ 1 ಟೀ ಚಮಚ, ಬ್ಯಾಡಗಿ ಮೆಣಸಿನ ಪುಡಿ 1 ಟೀ ಚಮಚ. ಬ್ಯಾಡಗಿ ಬಣ್ಣ ಕೊಡುತ್ತದೆ, ಮಕ್ಕಳ ನಾಲಿಗೆ ಸುಡುವುದಿಲ್ಲ. ಮಾಂಸವನ್ನು ಮಾತ್ರ ರಾತ್ರಿ ಕಲಸಿಡಬೇಡಿ, ಉಪ್ಪಿನ ಜೊತೆ ರಾತ್ರಿಯಿಡೀ ಕೂತರೆ ಮತ್ತೆ ಅದೇ ಬಿಗಿ.

ಬೆಳಿಗ್ಗೆ ಒಂಬತ್ತೂವರೆಗೆ ಮಕ್ಕಳೆಲ್ಲ ಹೋದ ಮೇಲೆ ಅಗಲವಾದ ಬೋಗುಣಿಯಲ್ಲಿ ಬ್ರೆಡ್ಡು ಚೂರು ಮಾಡಿ ಹಾಲು ಹಾಕಿ ಐದು ನಿಮಿಷ ಬಿಡಿ. ಫೋರ್ಕಿನಿಂದ ಕಿವುಚಿದರೆ ಗಂಜಿಯ ಹಾಗೆ ಆಗಬೇಕು, ಒಣ ಗಂಟು ಒಂದೂ ಉಳಿಯಬಾರದು. ಅದಕ್ಕೆ ಮೊಟ್ಟೆ, ಬಾಡಿಸಿದ ಈರುಳ್ಳಿ, ಕ್ಯಾರೆಟ್, ಉಪ್ಪು, ಮಸಾಲೆ, ವೂಸ್ಟರ್‌ಶೈರ್ ಸಾಸ್ ಎಲ್ಲ ಹಾಕಿ ಚೆನ್ನಾಗಿ ಕಲಸಿ. ಈ ಹಂತದಲ್ಲಿ ಎಷ್ಟು ಬೇಕಾದರೂ ಕಲಸಬಹುದು, ಮಾಂಸ ಇನ್ನೂ ಬಿದ್ದಿಲ್ಲ. ಈಗ ಕೈಮಾವನ್ನು ಚಿಟಿಕೆ ಚಿಟಿಕೆಯಾಗಿ ಬಿಡಿಸಿ ಮೇಲೆ ಉದುರಿಸಿ. ಬೆರಳುಗಳನ್ನು ಅಗಲಿಸಿ ಅಡಿಯಿಂದ ಮೇಲಕ್ಕೆ ಎತ್ತಿ ಮಗುಚಿ, ಚಿತ್ರಾನ್ನಕ್ಕೆ ಅನ್ನ ಮುರಿಯದ ಹಾಗೆ ಕಲಸುತ್ತೀರಲ್ಲ, ಹಾಗೆ. ಬಿಳಿ ಬ್ರೆಡ್ಡಿನ ಪಟ್ಟೆಗಳು ಮಾಯವಾದ ಕೂಡಲೇ ಕೈ ತೆಗೆಯಿರಿ. ನನಗೆ ಇಪ್ಪತ್ತು ಸಲ ಮಗುಚಿದರೆ ಸಾಕಾಗುತ್ತದೆ. ಮಿಶ್ರಣ ಉಂಡೆಯ ಹದಕ್ಕಿಂತ ಸಡಿಲವಾಗಿ, ಕೈಗೆ ಅಂಟುವ ಹಾಗೆ ಕಾಣುತ್ತದೆ. ಗಾಬರಿಯಾಗಿ ಬ್ರೆಡ್ ಪುಡಿ ಸುರಿಯಬೇಡಿ.

ಅಡಿಯಲ್ಲಿ ಆಲೂಗಡ್ಡೆಯನ್ನು ಅರ್ಧ ಇಂಚು ದಪ್ಪ ಬಿಲ್ಲೆ ಮಾಡಿ, ಈರುಳ್ಳಿ ಬಿಲ್ಲೆಯ ಜೊತೆ ಹಾಸಿ, ಚೂರು ಉಪ್ಪು ಉದುರಿಸಿ. ಮಾಂಸ ಬಿಟ್ಟ ಕೊಬ್ಬು, ನೀರು ಕೆಳಗಿಳಿದು ಲೋಫ್ ಅದರಲ್ಲಿ ಮುಳುಗದಿರಲು ಈ ಹಾಸು. ಮೇಲೆ ಅಲ್ಯೂಮಿನಿಯಂ ಫಾಯಿಲ್ಲನ್ನು ನಾಲ್ಕು ಬೆರಳಗಲ ಮಡಚಿದ ಎರಡು ಪಟ್ಟಿಗಳನ್ನು ಅಡ್ಡಡ್ಡ ಹಾಕಿ, ತುದಿಗಳು ಗೋಡೆಯ ಮೇಲೆ ಬರಲಿ. ಕೊನೆಗೆ ಎತ್ತಲು ಅವೇ ಹಿಡಿ. ಇದಿಲ್ಲದೆ ಸಟ್ಟುಗದಲ್ಲಿ ಎತ್ತಲು ಹೋಗಿ ಲೋಫ್ ಎರಡು ತುಂಡಾದದ್ದು ಎರಡನೇ ಬುಧವಾರ. ಮಿಶ್ರಣವನ್ನು ಪಟ್ಟಿಯ ಮೇಲೆ ಇಟ್ಟು, ಒದ್ದೆ ಕೈಯಲ್ಲಿ ಸವರಿ ಉದ್ದನೆಯ ದಿಬ್ಬ ಮಾಡಿ, ಎತ್ತರ ಎರಡೂವರೆ ಇಂಚು ಮೀರದಿರಲಿ. ಸುತ್ತಲೂ ಗೋಡೆಯಿಂದ ಬೆರಳಗಲ ಜಾಗ ಬಿಡಿ. ಈ ಕುಕ್ಕರಿನ ಶಾಖ ಹೆಚ್ಚಾಗಿ ಗೋಡೆಯ ಸುತ್ತ ಇರುವ ಕಾಯಿಲ್‌ನಿಂದ ಬರುತ್ತದೆ, ತಾಗಿದ ಕಡೆ ಕಪ್ಪಾಗಿ ಒಣಗುತ್ತದೆ.

ಮುಚ್ಚಳದಡಿ ತೆಳುವಾದ ಶುಭ್ರ ಬಟ್ಟೆ ಅಥವಾ ಎರಡು ಪದರ ಪೇಪರ್ ಟವೆಲ್ ಬಿಗಿಯಾಗಿ ಹಾಸಿ, ಕುಕ್ಕರಿನ ಬಿಸಿ ಭಾಗಕ್ಕೆ ತಾಗದ ಹಾಗೆ ತುದಿಗಳನ್ನು ಮುಚ್ಚಳದ ಮೇಲಕ್ಕೆ ಮಡಚಿ. ಆವಿ ಹನಿಯಾಗಿ ಮಾಂಸದ ಮೇಲೆ ತೊಟ್ಟಿಕ್ಕುವುದು ಇದರಿಂದ ತಪ್ಪುತ್ತದೆ. ಲೋ, ಅಂದರೆ ಕಡಿಮೆ ಶಾಖಕ್ಕೆ ಇಟ್ಟು 6 ಗಂಟೆಗೆ ಟೈಮರ್ ಹಾಕುತ್ತೇನೆ. ಹತ್ತಕ್ಕೆ ಹಚ್ಚಿದರೆ ನಾಲ್ಕಕ್ಕೆ ತಾನೇ ವಾರ್ಮ್‌ಗೆ, ಅಂದರೆ ಬರೀ ಬಿಸಿಯಾಗಿಡುವ ಶಾಖಕ್ಕೆ ಇಳಿಯುತ್ತದೆ. ಮನೆಯಲ್ಲಿ ಯಾರಾದರೂ ಇದ್ದರೆ ಮುಚ್ಚಳ ತೆಗೆದು ನೋಡಬೇಡಿ ಎಂದು ಹೇಳಿ ಹೋಗಿ. ಒಂದು ಸಲ ತೆಗೆದರೆ ಹೋದ ಶಾಖ ಮರಳಲು ಇಪ್ಪತ್ತು ನಿಮಿಷ, ಅರ್ಧ ಗಂಟೆ ಹಿಡಿಯುತ್ತದೆ.

ಈ ಯಂತ್ರದ ಕಥೆ ನನಗೆ ಇಷ್ಟ. ಇದರ ಪೇಟೆಂಟು ಇರ್ವಿಂಗ್ ನಾಕ್ಸನ್ ಎಂಬವರಿಗೆ 1940ರಲ್ಲಿ ಸಿಕ್ಕಿತು. ಲಿಥುವೇನಿಯಾದ ತಮ್ಮೂರಿನಲ್ಲಿ ಯಹೂದಿಗಳ ವಾರದ ವಿಶ್ರಾಂತಿ ದಿನವಾದ ಸಬ್ಬತ್ತಿನ ಹಿಂದಿನ ಸಂಜೆ ಬೇಕರಿಯ ಆರುತ್ತಿರುವ ಒಲೆಯೊಳಗೆ ಚೋಲೆಂಟ್ ಎಂಬ ಕಾಳು-ಮಾಂಸದ ಗಡಿಗೆ ಇಟ್ಟು ಬರುತ್ತಿದ್ದ ಸಂಗತಿಯನ್ನು ಅವರ ತಾಯಿ ಹೇಳಿದ್ದರಂತೆ. ಅದೇ ಕುಕ್ಕರು 1971ರಲ್ಲಿ ಕ್ರಾಕ್-ಪಾಟ್ ಎಂಬ ಹೆಸರಲ್ಲಿ ಅಂಗಡಿಗೆ ಬಂತು. ನಮ್ಮಜ್ಜಿ ಬೆರಣಿ ಕೆಂಡದ ಮೇಲೆ ಹಾಲಿನ ಗಡಿಗೆ ಇಟ್ಟು ಗದ್ದೆಗೆ ಹೋಗುತ್ತಿದ್ದರು. ಸಂಜೆಗೆ ಹಾಲು ಕೆಂಪಗೆ, ಮೇಲೆ ಬೆರಳು ದಪ್ಪ ಕೆನೆ.

ಆದರೆ ಮಾಂಸ ಹಾಲಲ್ಲ, ಇಲ್ಲಿ ಕಟ್ಟುನಿಟ್ಟಾಗಿರಿ. 40ರಿಂದ 140 ಡಿಗ್ರಿ ಫ್ಯಾರನ್‌ಹೀಟ್ ನಡುವೆ ರೋಗಾಣುಗಳು ಬೇಗ ಬೆಳೆಯುತ್ತವೆ. ಹಾಗಾಗಿ ಫ್ರೀಜರಿನಲ್ಲಿ ಗಡ್ಡೆಕಟ್ಟಿದ ಕೈಮಾ ಹಾಕಬೇಡಿ, ಫ್ರಿಜ್ಜಿನಲ್ಲೇ ಪೂರ್ತಿ ಕರಗಿಸಿಕೊಳ್ಳಿ. ತಡವಾಗಿ ಶುರುವಾಗುವ ಟೈಮರ್ ಇಟ್ಟು ಹಸಿ ಮಾಂಸವನ್ನು ತಣ್ಣನೆಯ ಕುಕ್ಕರಿನಲ್ಲಿ ಬಿಟ್ಟು ಹೋಗಬೇಡಿ. ಒಮ್ಮೆ ಗಾಳಿಮಳೆಯ ದಿನ ಮನೆಗೆ ಬಂದಾಗ ಒಲೆಯ ಗಡಿಯಾರ ಸೊನ್ನೆ ಸೊನ್ನೆ ಎಂದು ಮಿಣುಕುತ್ತಿತ್ತು. ಕರೆಂಟು ಯಾವಾಗ ಹೋಯಿತು, ಎಷ್ಟು ಹೊತ್ತು ಇರಲಿಲ್ಲ, ಗೊತ್ತಿಲ್ಲ. ಲೋಫ್ ನೋಡಲು ಬೆಂದ ಹಾಗೇ ಇತ್ತು. ಹೊಟ್ಟೆ ಉರಿದರೂ ಇಡಿಯಾಗಿ ಎಸೆದೆ. ನೀವೂ ಎಸೆಯಿರಿ.

ಬೆಳಿಗ್ಗೆ ಏಳಕ್ಕೆ ಹೊರಟು ಸಂಜೆ ಆರಕ್ಕೆ ಬರುವವರಿಗೆ ಈ ಲೆಕ್ಕ ಹೊಂದುವುದಿಲ್ಲ, ನಾಲ್ಕೈದು ಗಂಟೆ ವಾರ್ಮ್‌ನಲ್ಲಿ ಕೂತ ಟರ್ಕಿ ಒಣಗುತ್ತದೆ. ಅವರು ರಾತ್ರಿ ಹನ್ನೊಂದಕ್ಕೆ ಲೋ ಇಟ್ಟು ಮಲಗಿ. ಬೆಳಿಗ್ಗೆ ಐದಕ್ಕೆ ಹೋಳು ಮಾಡಿ ಅದರ ರಸದ ಜೊತೆ ಫ್ರಿಜ್ಜಿಗೆ ಹಾಕಿ, ಸಂಜೆ ಆ ರಸದಲ್ಲೇ ಕುದಿ ಬರುವ ತನಕ ಬಿಸಿ ಮಾಡಿ. ಮೇಲಿನ ಸಾಸನ್ನೂ ಆಗಲೇ ಬೆರೆಸಿಬಿಡಿ.

ಸಂಜೆ ಯಜಮಾನರು ಮಾಡುವ ಮೊದಲ ಕೆಲಸ ಥರ್ಮಾಮೀಟರ್ ಚುಚ್ಚುವುದು. ಲೋಫಿನ ನಟ್ಟನಡುವೆ 165 ಡಿಗ್ರಿ ಫ್ಯಾರನ್‌ಹೀಟ್, ಅಂದರೆ 74 ಸೆಲ್ಸಿಯಸ್ ಇರಬೇಕು. ಕುರಿ, ಹಂದಿ, ದನದ ಕೈಮಾಕ್ಕಾದರೆ 160, ಅಂದರೆ 71. ಬಣ್ಣ ನಂಬಬೇಡಿ, ಟರ್ಕಿ ಪೂರ್ತಿ ಬೆಂದ ಮೇಲೂ ನಸುಗೆಂಪು ಇರಬಹುದು. ಸುತ್ತ ಬಿಳಿ ನೊರೆ ಗಟ್ಟಿಯಾಗಿ ಅಂಟಿರುತ್ತದೆ, ಅದು ಮಾಂಸದ್ದೇ ಪ್ರೋಟೀನು, ಚಮಚದಲ್ಲಿ ಕೆರೆದು ತೆಗೆದರೆ ಸರಿ. ಫಾಯಿಲ್ ಪಟ್ಟಿ ಹಿಡಿದು ಲೋಫನ್ನು ಫಾಯಿಲ್ ಹಾಸಿದ ಟ್ರೇಗೆ ಎತ್ತಿ, ಸಾಸ್ ದಪ್ಪಗೆ ಸವರಿ, ಓವನ್ನಿನಲ್ಲಿ ಮೇಲಿನಿಂದ ಶಾಖ ಕೊಡುವ ಬ್ರಾಯ್ಲರ್ ಕೆಳಗೆ ನಾಲ್ಕು ನಿಮಿಷ. ಊರಿನ ಓಟಿಜಿಯಲ್ಲಾದರೆ ಮೇಲಿನ ಕಾಯಿಲ್ ಮಾತ್ರ ಹಚ್ಚಿ. ಎದುರಿಗೇ ನಿಂತು ನೋಡುತ್ತಿರಿ. ಸಾಸ್ ಮೊದಲು ಗುಳ್ಳೆ ಏಳುತ್ತದೆ, ಆಮೇಲೆ ಅಂಚು ಕಪ್ಪಗಾಗುತ್ತದೆ, ಎರಡರ ನಡುವೆ ಹೊರಗೆ ತೆಗೆಯಬೇಕು. ಕುಕ್ಕರಿನ ಪಿಂಗಾಣಿ ಪಾತ್ರೆಯನ್ನೇ ಬ್ರಾಯ್ಲರಿಗೆ ಇಡಬೇಡಿ, ಬಿರುಕು ಬಿಡುತ್ತದೆ. ಹತ್ತು ನಿಮಿಷ ಆರಲು ಬಿಟ್ಟು ಇಂಚು ದಪ್ಪ ಹೋಳು ಮಾಡಿ. ಬಿಸಿಯಲ್ಲೇ ಕುಯ್ದರೆ ಪುಡಿಯಾಗುತ್ತದೆ.

ಆ ಹತ್ತು ನಿಮಿಷದಲ್ಲಿ ಕುಕ್ಕರಿನ ರಸವನ್ನು ಸೋಸಿ, ಮೇಲಿನ ಕೊಬ್ಬು ತೆಗೆದು, ಒಂದು ಚಮಚ ಕಾರ್ನ್‌ಫ್ಲೋರನ್ನು ತಣ್ಣೀರಲ್ಲಿ ಕದಡಿ ಹಾಕಿ ಕುದಿಸಿದರೆ ಗ್ರೇವಿ. ಆಲೂಗಡ್ಡೆ ಬಿಲ್ಲೆಗಳು ಮಾಂಸದ ರಸ ಕುಡಿದು ಬೆಣ್ಣೆಯ ಹಾಗೆ ಆಗಿರುತ್ತವೆ. ನಮ್ಮನೆಯಲ್ಲಿ ಜಗಳ ಆಗುವುದು ಮಾಂಸಕ್ಕಲ್ಲ, ಅವಕ್ಕೆ. ಜೊತೆಗೆ ಬೇಯಿಸಿದ ಬೀನ್ಸ್.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ದಿನ ಚೆನ್ನಾಗಿರುತ್ತದೆ. ಎದುರುಮನೆ ಅಜ್ಜಿ ತಣ್ಣನೆಯ ಹೋಳನ್ನು ಬ್ರೆಡ್ಡಿನ ನಡುವೆ ಇಟ್ಟು ತಿನ್ನುತ್ತಾರೆ. ನಾನು ಗುರುವಾರ ಅದನ್ನು ಪುಡಿ ಮಾಡಿ, ಹಸಿಮೆಣಸಿನಕಾಯಿ, ಕರಿಬೇವು, ಟೊಮೆಟೊ ಹಾಕಿ ಬಾಣಲೆಯಲ್ಲಿ ಚೆನ್ನಾಗಿ ಹುರಿದು, ಚಪಾತಿಯ ಜೊತೆ ಎಲ್ಲರ ಡಬ್ಬಿಗೂ ಕಟ್ಟುತ್ತೇನೆ.